ಸೋಮಾರಿ ಹೊಳೆಯೂ ಮಲೆನಾಡಿನ ಹಳ್ಳವೂ

ಸಕಲೇಶಪುರ ತಾಲ್ಲೂಕಿನ ಹಾನುಬಾಳಿನ ಸುತ್ತಮುತ್ತ, ಕಾಫಿ ತೋಟಗಳ ನಡುವೆ ಹಳ್ಳಗಳು ಅನೇಕ. ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆ. ಒಬ್ಬ ಹುಡುಗ ಪ್ಯಾಂಟು ಮಡಿಸಿ ಹಳ್ಳಕ್ಕಿಳಿಯಲು ಹೊರಟ. ತಡೆದಾಗ, “ಸೊಂಟದವರೆಗೆ ತಾನೆ ಸಾರ್ ನೀರು? ಜಲೋದ್ಯಾನದಲ್ಲಿಯೂ ಇಷ್ಟೇ ಇತ್ತಲ್ಲ!” ಎಂದ. ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಭೌತಶಾಸ್ತ್ರದಿಂದಲೇ ಪಡೆಯೋಣ.

ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾದಂತಹ ವಿಹಾರೋದ್ಯಾನಗಳಲ್ಲಿ ‘ಲೇಜಿ ರಿವರ್’, ಎಂದರೆ ‘ಸೋಮಾರಿ ಹೊಳೆ’ ಎಂಬ ಕಾಲುವೆಯುಂಟು. ಗಾಳಿ ತುಂಬಿದ ಟ್ಯೂಬಿನ ಮೇಲೆ ಮೈಚಾಚಿ ಕುಳಿತರೆ ಸಾಕು. ನೀರೇ ನಮ್ಮನ್ನು ಮೆಲ್ಲಮೆಲ್ಲನೆ ಒಂದು ಸುತ್ತು ಹಾಕಿಸಿ, ಹೊರಟ ಸ್ಥಳಕ್ಕೇ ತಂದು ಬಿಡುತ್ತದೆ. ನಿಜವಾದ ಹೊಳೆ ಎಂದಿಗೂ ಹೊರಟಲ್ಲಿಗೆ ಮರಳುವುದಿಲ್ಲ. ಇಳಿಜಾರೇ ಅದರ ಜೀವಾಳ. ಸೋಮಾರಿ ಹೊಳೆಯಾದರೋ ಬಳೆಯಂತೆ ಸುತ್ತಿಬರುವ ಸಮತಟ್ಟಾದ ತೊಟ್ಟಿ. ಅಲ್ಲಿ ಪಂಪುಗಳು ನೀರನ್ನು ಹೀರಿ, ಗೋಡೆಯ ರಂಧ್ರಗಳಿಂದ ಒಂದೇ ದಿಕ್ಕಿಗೆ ಚಿಮ್ಮಿಸುತ್ತವೆ. ಘರ್ಷಣೆಯಿಂದ ನಷ್ಟವಾಗುವಷ್ಟು ಶಕ್ತಿಯನ್ನು ಪಂಪುಗಳು ತುಂಬಿಕೊಡುವುದರಿಂದ ನೀರು ಒಂದೇ ವೇಗದಲ್ಲಿ ಹರಿಯುತ್ತದೆ. ಆ ವೇಗವನ್ನು ಸೆಕೆಂಡಿಗೆ ಅರ್ಧ ಮೀಟರು ಎಂದಿಟ್ಟುಕೊಳ್ಳೋಣ.

ಹಳ್ಳದ ವೇಗವನ್ನು ನಿಯಂತ್ರಿಸುವವರು ಯಾರೂ ಇಲ್ಲ. ಘರ್ಷಣೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಕೇವಲ 20 ಸೆಂಟಿಮೀಟರು, ಎಂದರೆ ಸುಮಾರು ಒಂದು ಗೇಣು, ಕೆಳಗಿಳಿದ ನೀರಿಗೆ ಸೆಕೆಂಡಿಗೆ 2 ಮೀಟರು ವೇಗ ಬರುತ್ತದೆ. ಇದು ಸೋಮಾರಿ ಹೊಳೆಯ ವೇಗದ ನಾಲ್ಕರಷ್ಟು. ಹಾಗಾದರೆ ನೂಕುವ ಬಲವೂ ನಾಲ್ಕರಷ್ಟೇ? ಅಲ್ಲ, ಹದಿನಾರರಷ್ಟು! ವೇಗ ಇಮ್ಮಡಿಯಾದರೆ ಸೆಕೆಂಡಿಗೆ ಬಂದು ಬಡಿಯುವ ನೀರೂ ಇಮ್ಮಡಿ, ಅದರ ಹೊಡೆತವೂ ಇಮ್ಮಡಿ. ಆದುದರಿಂದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ.

ಸೊಂಟದವರೆಗೆ ನೀರಿನಲ್ಲಿ ನಿಂತವನ ಮೈಯ ಸುಮಾರು 0.2 ಚದರ ಮೀಟರು ಭಾಗ ಪ್ರವಾಹಕ್ಕೆ ಎದುರಾಗಿರುತ್ತದೆನ್ನೋಣ. ಸೋಮಾರಿ ಹೊಳೆಯಲ್ಲಿ ಅವನ ಮೇಲಿನ ಬಲ ಸುಮಾರು 25 ನ್ಯೂಟನ್. ಎರಡೂವರೆ ಕಿಲೋಗ್ರಾಂ ತೂಕದಷ್ಟು. ಹಳ್ಳದಲ್ಲಿ ಅದು 400 ನ್ಯೂಟನ್. 40 ಕಿಲೋಗ್ರಾಂ ತೂಕದಷ್ಟು! ಇದನ್ನು ಎದುರಿಸಲು ಅವನಿಗಿರುವ ಆಸರೆ ಪಾದದಡಿಯ ಘರ್ಷಣೆಯೊಂದೇ. ಆರ್ಕಿಮಿಡೀಸನ ನಿಯಮದಂತೆ ನೀರು ಅವನನ್ನು ಮೇಲೆತ್ತುವುದರಿಂದ, 50 ಕಿಲೋಗ್ರಾಂ ತೂಗುವವನ ಪಾದಗಳು ನೆಲವನ್ನು ಒತ್ತುವುದು 30 ಕಿಲೋಗ್ರಾಂನಷ್ಟು ಮಾತ್ರ. ಪಾಚಿಗಟ್ಟಿದ ಬಂಡೆಯ ಮೇಲೆ ಅದರ ಮೂರರಲ್ಲೊಂದು ಪಾಲು ಹಿಡಿತ ದೊರೆತರೆ ಹೆಚ್ಚು. ಸೆಕೆಂಡಿಗೆ ಒಂದು ಮೀಟರು ವೇಗದಲ್ಲಿಯೇ ಈ ಹಿಡಿತ ಮುಗಿದುಹೋಗುತ್ತದೆ. ಎಷ್ಟೇ ಬಲಶಾಲಿಯಾದರೂ ಕಾಲು ಜಾರಲೇಬೇಕು.

ನೀರಿನ ವೇಗವನ್ನು ಅಳೆಯುವುದು ಕಷ್ಟವಲ್ಲ. ನಾವು ದಂಡೆಯ ಮೇಲೆಯೇ 4 ಮೀಟರು ಗುರುತು ಮಾಡಿ, ಒಣಗಿದ ಎಲೆಯೊಂದನ್ನು ನೀರಿಗೆ ಬಿಟ್ಟೆವು. ಹುಡುಗನೇ ಗಡಿಯಾರ ಹಿಡಿದ. ಎಲೆ ಎರಡೇ ಸೆಕೆಂಡಿನಲ್ಲಿ ಗುರುತನ್ನು ದಾಟಿತು. ಅವನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, ಮಡಿಸಿದ ಪ್ಯಾಂಟನ್ನು ಕೆಳಗಿಳಿಸಿದ.

ಎಲೆ ನಿಧಾನವಾಗಿ ಸಾಗಿತೆಂದು ಧೈರ್ಯಪಡುವಂತೆಯೂ ಇಲ್ಲ. ಮೇಲಿನ ಗುಡ್ಡದಲ್ಲಿ ಮಳೆ ಸುರಿದರೆ, ಬಿಸಿಲಿರುವ ಕೆಳಗಿನ ಹಳ್ಳವೂ ಹಠಾತ್ತನೆ ಏರುತ್ತದೆ. ನೀರು ಕೆಂಪಗಾಗುವುದು, ಕಸಕಡ್ಡಿ ತೇಲಿಬರುವುದು ಅದರ ಮುನ್ಸೂಚನೆ. ಪಂಪನ್ನು ನಿಲ್ಲಿಸಿದರೆ ಸೋಮಾರಿ ಹೊಳೆ ನಿಲ್ಲುತ್ತದೆ. ಹಳ್ಳವನ್ನು ನಿಲ್ಲಿಸುವ ಗುಂಡಿ ಎಲ್ಲಿಯೂ ಇಲ್ಲ. ಆದುದರಿಂದ, ಮಿತ್ರರೇ, ನೀರು ಎಷ್ಟು ಆಳವೆಂದು ಕೇಳಿದರೆ ಸಾಲದು. ಎಷ್ಟು ವೇಗವೆಂದೂ ಕೇಳಿ.