‘ಚೆನ್ನಾಗಿದೆ’, ‘ನಂಗೆ ಹಿಡಿಸ್ತು’, ‘ಚೆನ್ನಾಗಿದ್ಯಂತೆ’: ಮನೆಯಲ್ಲಿ ನೋಡಿದ ಚಿತ್ರಗಳ ಕುರಿತ ಅಭಿಪ್ರಾಯದ ವ್ಯಾಕರಣ

ಸಾರಾಂಶ

ಮನೆಯಲ್ಲಿ ನೋಡಿದ ಚಲನಚಿತ್ರ ಹಾಗೂ ಧಾರಾವಾಹಿಗಳ ಬಗ್ಗೆ ಅಭಿಪ್ರಾಯ ಹೇಳುವಾಗ ಬೆಂಗಳೂರಿನ ಹನುಮಂತನಗರದ ಆಡುಗನ್ನಡದಲ್ಲಿ ಬಳಕೆಯಾಗುವ ಮೂರು ವಾಕ್ಯರೂಪಗಳನ್ನು ಈ ಲೇಖನ ವಿವರಿಸುತ್ತದೆ. ಚಿತ್ರವನ್ನು ಯಾರು ನೋಡಿದರು, ಅಭಿಪ್ರಾಯದ ಹೊಣೆ ಯಾರದು, ಅದನ್ನು ಯಾರು ಅಲ್ಲಗಳೆಯಬಹುದು ಎಂಬ ಮೂರು ಸಂಗತಿಗಳು ಈ ರೂಪಗಳ ಆಯ್ಕೆಯಲ್ಲಿ ಅಡಗಿವೆ ಎಂಬುದು ನಮ್ಮ ವಾದ.

ಕೀಲಿಪದಗಳು: ಚತುರ್ಥೀ ಕರ್ತೃ, ಮಾಹಿತಿಮೂಲ ಸೂಚಕ, ರುಚಿಸೂಚಕ ಆಖ್ಯಾತ, ಅಂತೆ

1. ಪೀಠಿಕೆ

ಹನುಮಂತನಗರದ ರಾಮಾಂಜನೇಯ ಗುಡ್ಡದ ಮೆಟ್ಟಿಲುಗಳ ಮೇಲಾಗಲಿ, ಮನೆಯ ಹಜಾರದಲ್ಲಾಗಲಿ, ‘ಪಿಕ್ಚರ್ ಹೇಗಿದೆ?’ ಎಂಬ ಪ್ರಶ್ನೆಗೆ ಮೂರು ಬಗೆಯ ಉತ್ತರಗಳು ದೊರೆಯಬಹುದು:

(1) ಚೆನ್ನಾಗಿದೆ.
(2) ನಂಗೆ ಹಿಡಿಸ್ತು.
(3) ಚೆನ್ನಾಗಿದ್ಯಂತೆ.

ಮೂರೂ ಮೆಚ್ಚುಗೆಯ ಮಾತುಗಳೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಮೊದಲನೆಯದರಲ್ಲಿ ಗುಣವು ಚಿತ್ರಕ್ಕೆ ಸೇರಿದ್ದು. ಎರಡನೆಯದರಲ್ಲಿ ಅನುಭವಿಯು ಚತುರ್ಥೀ ವಿಭಕ್ತಿಯಲ್ಲಿದ್ದು, ಚಿತ್ರವು ಅನುಭವದ ವಿಷಯವಾಗುತ್ತದೆ. ಮೂರನೆಯದರಲ್ಲಿ ಪೂರ್ಣಕ್ರಿಯಾಪದಕ್ಕೆ ‘ಅಂತೆ’ ಸೇರಿ, ಮಾತು ಇನ್ನೊಬ್ಬರಿಂದ ಬಂದದ್ದೆಂದು ತಿಳಿಸುತ್ತದೆ.

ಕನ್ನಡದ ಚತುರ್ಥೀ ಕರ್ತೃವಿನ ಚರ್ಚೆ ಎಸ್. ಎನ್. ಶ್ರೀಧರ್ ಅವರ 1979ರ ಲೇಖನದಿಂದ ನಮಗೆ ಪರಿಚಿತ. ಅಲ್ಲಿನ ಮುಖ್ಯ ಪ್ರಶ್ನೆ, ಈ ನಾಮಪದಕ್ಕೆ ಕರ್ತೃವಿನ ಲಕ್ಷಣಗಳು ಎಷ್ಟರಮಟ್ಟಿಗೆ ಇವೆ ಎಂಬುದು. ನಮ್ಮ ಪ್ರಶ್ನೆ ಅದರ ಮುಂದಿನದು: ಪ್ರಥಮಾ ಮತ್ತು ಚತುರ್ಥೀ ರಚನೆಗಳೆರಡೂ ಲಭ್ಯವಿರುವಾಗ ಸಂಭಾಷಣೆಯಲ್ಲಿ ಅವುಗಳ ಆಯ್ಕೆಯಿಂದ ಏನಾಗುತ್ತದೆ?

ಇಲ್ಲಿನ ಉದಾಹರಣೆಗಳು ಹನುಮಂತನಗರ ಮತ್ತು ಬಸವನಗುಡಿ ಭಾಗದ ಆಡುಮಾತಿನ ಮಾದರಿಯಲ್ಲಿ ನಾವು ರಚಿಸಿದವು. ಸಂದರ್ಭಕ್ಕೆ ಒಗ್ಗದ ವಾಕ್ಯವನ್ನು # ಚಿಹ್ನೆಯಿಂದ ಗುರುತಿಸಿದ್ದೇವೆ.

2. ನೋಡಿದವರ ಮಾತು, ಕೇಳಿದವರ ಮಾತು

‘ರುಚಿಕರ’, ‘ಮೋಜಿನ’ ಮುಂತಾದ ಪದಗಳನ್ನು ಅರ್ಥವಿಜ್ಞಾನದಲ್ಲಿ ರುಚಿಸೂಚಕ ಆಖ್ಯಾತಗಳೆಂದು ಕರೆಯಬಹುದು. ಪೀಟರ್ ಲೇಸರ್ಸನ್ (2005) ಇವುಗಳ ಸತ್ಯಾಸತ್ಯತೆಯು ಯಾರ ದೃಷ್ಟಿಯಿಂದ ನಿರ್ಧಾರವಾಗುತ್ತದೆಂಬ ಪ್ರಶ್ನೆಯನ್ನು ಎತ್ತಿದರು. ಇಂಥ ವಾಕ್ಯವನ್ನು ಆಡುವವರಿಗೆ ಆ ವಸ್ತುವಿನ ನೇರ ಅನುಭವವಿದೆಯೆಂಬ ಸೂಚನೆ ಹೊರಡುವುದನ್ನು ದಿಲೀಪ್ ನಿನನ್ (2014) ಚರ್ಚಿಸಿದರು. ಕನ್ನಡದಲ್ಲಿ ಈ ಸೂಚನೆ ಸ್ಪಷ್ಟವಾಗಿದೆ:

(4) # ಪಿಕ್ಚರ್ ಚೆನ್ನಾಗಿದೆ, ಆದ್ರೆ ನಾನಿನ್ನೂ ನೋಡಿಲ್ಲ.
(5) ಪಿಕ್ಚರ್ ಚೆನ್ನಾಗಿದ್ಯಂತೆ, ನಾನಿನ್ನೂ ನೋಡಿಲ್ಲ.
(6) ಪಿಕ್ಚರ್ ಚೆನ್ನಾಗಿರ್ಬೇಕು, ನಾನಿನ್ನೂ ನೋಡಿಲ್ಲ.

(5)ರಲ್ಲಿ ‘ಅಂತೆ’ಯೂ (6)ರಲ್ಲಿ ಊಹೆಯ ‘ಬೇಕು’ ಸಹ ನೇರ ಅನುಭವದ ಹೊಣೆಯಿಂದ ವಕ್ತೃವನ್ನು ಬಿಡಿಸುತ್ತವೆ. ನೋಡದವರು ‘ಚೆನ್ನಾಗಿದೆ’ ಎಂದರೆ ಕೇಳುಗರು ‘ನೀನು ನೋಡಿದ್ಯಾ?’ ಎಂದು ತಡೆಯುವುದು ಈ ಕಾರಣಕ್ಕೆ.

ಉತ್ತಮ ಪುರುಷದೊಡನೆ ‘ಅಂತೆ’ ಸಾಮಾನ್ಯವಾಗಿ ಹೊಂದುವುದಿಲ್ಲ. ನಿನ್ನೆ ರಾತ್ರಿ ನೋಡಿದ ಚಿತ್ರದ ಬಗ್ಗೆ ‘# ನಂಗೆ ಹಿಡಿಸ್ತಂತೆ’ ಎನ್ನಲಾಗದು, ಏಕೆಂದರೆ ನಮ್ಮ ಮೆಚ್ಚುಗೆಯನ್ನು ನಾವು ಇನ್ನೊಬ್ಬರಿಂದ ತಿಳಿಯಬೇಕಾಗಿಲ್ಲ. ಆದರೆ ಅನುಭವದ ನೆನಪೇ ಇಲ್ಲದಿದ್ದಾಗ ಈ ನಿರ್ಬಂಧ ಸಡಿಲವಾಗುತ್ತದೆ. ಶಂಕರ್ ನಾಗ್ ನಿರ್ದೇಶಿಸಿದ, 1980ರ ದಶಕದ ಧಾರಾವಾಹಿಯ ಬಗ್ಗೆ ಮನೆಯ ಹಿರಿಯರಿಂದ ಕೇಳಿ ತಿಳಿದವರು ಹೀಗೆನ್ನಬಹುದು:

(7) ಚಿಕ್ಕವಳಿದ್ದಾಗ ನಂಗೆ ‘ಮಾಲ್ಗುಡಿ ಡೇಸ್’ ತುಂಬಾ ಇಷ್ಟ ಇತ್ತಂತೆ.

ಇಲ್ಲಿ ವಕ್ತೃವೇ ಅನುಭವಿಯಾದರೂ ಆ ಅನುಭವಕ್ಕೆ ಸಾಕ್ಷಿ ಬೇರೆಯವರು. ಆದ್ದರಿಂದ ‘ಅಂತೆ’ಯ ಬಳಕೆಯನ್ನು ನಿಯಂತ್ರಿಸುವುದು ವ್ಯಾಕರಣದ ಪುರುಷವಲ್ಲ, ತಿಳಿವಿನ ಮೂಲ.

3. ಅಲ್ಲಗಳೆಯುವಿಕೆ ಮತ್ತು ಮರ್ಯಾದೆ

ಮೂರು ರೂಪಗಳ ವ್ಯತ್ಯಾಸ ಭಿನ್ನಮತದಲ್ಲಿ ಇನ್ನಷ್ಟು ನಿಚ್ಚಳವಾಗುತ್ತದೆ. (1)ಕ್ಕೆ ‘ಇಲ್ಲ, ಏನೂ ಚೆನ್ನಾಗಿಲ್ಲ’ ಎಂದು ನೇರವಾಗಿ ಎದುರಾಡಬಹುದು. (2)ಕ್ಕೆ ‘ಇಲ್ಲ’ ಎಂದರೆ ಎದುರಿನವರ ಅನುಭವವನ್ನೇ ಸುಳ್ಳೆಂದಂತಾಗುತ್ತದೆ. ಅಲ್ಲಿ ಉಳಿಯುವ ದಾರಿ ‘ನಂಗೆ ಹಿಡಿಸ್ಲಿಲ್ಲಪ್ಪ’ ಎಂದು ತನ್ನ ಅನುಭವವನ್ನು ಪಕ್ಕದಲ್ಲಿಡುವುದು. (3)ಕ್ಕೆ ‘ಇಲ್ಲ, ನಾನು ನೋಡ್ದೆ, ಚೆನ್ನಾಗಿಲ್ಲ’ ಎನ್ನಬಹುದು. ಹಾಗೆಂದರೆ ಮಾತಿನ ಒಡಲು ಅಲ್ಲಗಳೆಯಲ್ಪಡುತ್ತದೆ, ಅದನ್ನು ತಂದು ಮುಟ್ಟಿಸಿದವರ ಮುಖ ಕೆಡುವುದಿಲ್ಲ.

ಹಿರಿಯರೊಡನೆ ಮಾತನಾಡುವಾಗ ಈ ಆಯ್ಕೆ ಮುಖ್ಯವಾಗುತ್ತದೆ:

(8) ಅತ್ತೆ: ತುಂಬಾ ಚೆನ್ನಾಗಿದೆ ಕಣೇ.
ಸೊಸೆ: ನಂಗ್ಯಾಕೋ ಅಷ್ಟು ಹಿಡಿಸ್ಲಿಲ್ಲ ಅತ್ತೆ.

ಅತ್ತೆಯ ವಾಕ್ಯ ಪ್ರಥಮಾ ರಚನೆಯದು, ಸೊಸೆಯದು ಚತುರ್ಥೀ ರಚನೆಯದು. ಜೊತೆಗೆ ‘ಯಾಕೆ’ ಎಂಬ ಪ್ರಶ್ನಾರ್ಥಕಕ್ಕೆ ಅನಿಶ್ಚಯದ ‘ಓ’ ಸೇರಿ, ಹಿಡಿಸದಿರುವುದರ ಕಾರಣ ತನಗೂ ತಿಳಿಯದೆಂಬ ಅರ್ಥ ಬರುತ್ತದೆ. ದೋಷವು ಚಿತ್ರದ ಮೇಲೂ ಬೀಳುವುದಿಲ್ಲ, ಅದನ್ನು ಮೆಚ್ಚಿದವರ ಮೇಲೂ ಬೀಳುವುದಿಲ್ಲ. ಆದರೂ ಸೊಸೆ ತನ್ನ ಅಭಿಪ್ರಾಯವನ್ನು ಬಿಟ್ಟುಕೊಟ್ಟಿಲ್ಲ. ಭಿನ್ನಮತವನ್ನು ಉಳಿಸಿಕೊಂಡೇ ಎದುರುತ್ತರವನ್ನು ತಪ್ಪಿಸುವ ಅವಕಾಶವನ್ನು ವ್ಯಾಕರಣ ಇಲ್ಲಿ ಒದಗಿಸುತ್ತದೆ. ಇದನ್ನು ಬರಿಯ ವಿನಯವೆಂದು ಬದಿಗಿಟ್ಟರೆ, ಮನೆಯ ಕಿರಿಯರು ವಾಸ್ತವವಾಗಿ ಹೇಳುತ್ತಿರುವುದು ನಮ್ಮ ವಿಶ್ಲೇಷಣೆಯಿಂದ ಜಾರಿಹೋಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಬಳಕೆಯೂ ಉಂಟು. ಚಿತ್ರವನ್ನು ನೋಡಿ ನಿರಾಶರಾದವರು ‘ಸೂಪರ್ ಅಂತೆ ಸೂಪರ್!’ ಎನ್ನುತ್ತಾರೆ. ‘ಅಂತೆ’ಯ ಎರಡೂ ಬದಿಯಲ್ಲಿ ಅದೇ ಪದ ಬಂದಾಗ, ಪರರ ಮಾತನ್ನು ವರದಿ ಮಾಡುವ ರೂಪವು ಅದೇ ಮಾತನ್ನು ಹಂಗಿಸುವ ರೂಪವಾಗುತ್ತದೆ.

4. ಒಟ್ಟಿಗೆ ನೋಡುವುದು, ಬೇರೆಬೇರೆ ನೋಡುವುದು

ಜಪಾನೀ ಭಾಷೆಯಲ್ಲಿ ಇನ್ನೊಬ್ಬರ ಅಂತರಂಗದ ಅನುಭವವನ್ನು ಸಾಮಾನ್ಯವಾಗಿ ವಿಶೇಷ ಪ್ರತ್ಯಯವಿಲ್ಲದೆ ಹೇಳಲಾಗದೆಂಬುದನ್ನು ಎಸ್.-ವೈ. ಕುರೋಡ (1973) ತೋರಿಸಿದರು. ಕನ್ನಡ ಅಷ್ಟು ಕಟ್ಟುನಿಟ್ಟಾಗಿಲ್ಲ:

(9) ಅತ್ತೆಗೆ ಹಿಡಿಸ್ತು.
(10) ಅತ್ತೆಗೆ ಹಿಡಿಸ್ತಂತೆ.

ಎರಡೂ ಸರಿ. ಪಕ್ಕದಲ್ಲೇ ಕುಳಿತು, ಅತ್ತೆಯವರು ನಕ್ಕದ್ದನ್ನೂ ಕಣ್ಣೊರೆಸಿಕೊಂಡದ್ದನ್ನೂ ಕಂಡವರು (9)ನ್ನು ಹೇಳಬಲ್ಲರು. ಹಾಗೆ ಕಾಣದವರಿಗೆ (10) ಸಹಜ. ಹೀಗಾಗಿ ಜನರು ಹೇಗೆ ಕುಳಿತು ನೋಡುತ್ತಾರೆಂಬುದು ಪ್ರತ್ಯಯದ ಆಯ್ಕೆಗೆ ಸಂಬಂಧಿಸಿದ ವಿಷಯವಾಗುತ್ತದೆ.

ದೂರದರ್ಶನದಲ್ಲಿ ಭಾನುವಾರ ಸಂಜೆಯ ಕನ್ನಡ ಚಿತ್ರವನ್ನೂ, 1990ರ ದಶಕದ ಕೊನೆಯಲ್ಲಿ ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’ವನ್ನೂ ಇಡೀ ಮನೆ ಒಂದೇ ಪರದೆಯಲ್ಲಿ ನೋಡುತ್ತಿತ್ತು. ಇಂದಿನ ಸ್ಥಿತಿ ಬೇರೆ. 2020ರ ಜುಲೈ 17ರಂದು ‘ಲಾ’, ಒಂದು ವಾರದ ನಂತರ ‘ಫ್ರೆಂಚ್ ಬಿರಿಯಾನಿ’ ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದವು. ಇಂಥ ಚಿತ್ರವನ್ನು ಒಬ್ಬರು ಟಿವಿಯಲ್ಲಿ, ಇನ್ನೊಬ್ಬರು ಮೊಬೈಲಿನಲ್ಲಿ, ಬೇರೆಬೇರೆ ರಾತ್ರಿಗಳಲ್ಲಿ ನೋಡಬಹುದು. ಆಗ ಒಂದೇ ಮನೆಯ ಗೋಡೆಗಳ ನಡುವೆಯೂ ‘ಅವನಿಗೆ ಹಿಡಿಸ್ತಂತೆ’ ಎನ್ನಬೇಕಾಗುತ್ತದೆ. ‘ಅಂತೆ’ ಎಳೆಯುವ ಗೆರೆ ಮನೆ ಮತ್ತು ಹೊರಗಿನ ನಡುವಿನದಲ್ಲ, ಜೊತೆಗೆ ನೋಡಿದವರು ಮತ್ತು ನೋಡದವರ ನಡುವಿನದು.

ಧಾರಾವಾಹಿಯ ವಿಷಯದಲ್ಲಿ ಕಾಲವೂ ಸೇರಿಕೊಳ್ಳುತ್ತದೆ. ಮುಗಿದ ಚಿತ್ರಕ್ಕೆ ‘ಚೆನ್ನಾಗಿದೆ’ ಎಂದರೆ ಕೃತಿಯ ಸ್ಥಾಯಿ ಗುಣ. ಅದು ‘ನೀವೂ ನೋಡಿ’ ಎಂಬ ಶಿಫಾರಸಾಗಬಲ್ಲದು. ‘ಚೆನ್ನಾಗಿತ್ತು’ ಎಂದರೆ ನೋಡಿದ ಆ ಹೊತ್ತಿನ ಅನುಭವ. ಮುಗಿಯದ ಧಾರಾವಾಹಿಗೆ ‘ಮೊದಲು ಚೆನ್ನಾಗಿತ್ತು, ಈಗ ಎಳೀತಿದ್ದಾರೆ’ ಎನ್ನುವಲ್ಲಿ ಭೂತಕಾಲವು ಕೃತಿಯ ಒಂದು ಭಾಗವನ್ನು ಗುರುತಿಸುತ್ತದೆ. ಕರ್ತೃಪದವಿಲ್ಲದ ಬಹುವಚನ ಕ್ರಿಯಾಪದವು ದೋಷವನ್ನು ಹೆಸರಿಸದ ತಯಾರಕರಿಗೆ ಹೊರಿಸುತ್ತದೆ.

5. ಉಪಸಂಹಾರ

ಕನ್ನಡದ ಅಭಿಪ್ರಾಯಗಳನ್ನು ಯಂತ್ರದಿಂದ ವರ್ಗೀಕರಿಸುವ ಕೆಲಸಕ್ಕೆ ಈ ವಿವರಣೆಯಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಪ್ರತ್ಯಯಗಳನ್ನು ಕಳಚಿ ಪ್ರಕೃತಿಯನ್ನಷ್ಟೇ ಎಣಿಸಿದರೆ ‘ಚೆನ್ನಾಗಿದೆ’ ಮತ್ತು ‘ಚೆನ್ನಾಗಿದೆಯಂತೆ’ ಒಂದೇ ಲೆಕ್ಕಕ್ಕೆ ಬರುತ್ತವೆ. ಆಗ ಒಬ್ಬರು ನೋಡಿ ಹೇಳಿದ್ದು, ಹತ್ತು ಜನರ ಬಾಯಲ್ಲಿ ‘ಅಂತೆ’ಯಾಗಿ ಹಾದು, ಹನ್ನೊಂದು ಅಭಿಪ್ರಾಯಗಳಾಗಿ ದಾಖಲಾಗುತ್ತದೆ. ‘ಸೂಪರ್ ಅಂತೆ ಸೂಪರ್’ ಎಂಬ ತಿರಸ್ಕಾರವಂತೂ ಎರಡು ಪಟ್ಟು ಮೆಚ್ಚುಗೆಯಾದೀತು.

‘ನಾಳೆ ನೋಡೋವಂತೆ ಬಿಡು’ ಎಂಬಲ್ಲಿನ ಸಮಾಧಾನದ ‘ಅಂತೆ’, ‘ಹೇಳಿದಂತೆ’ ಎಂಬಲ್ಲಿನ ಸಾದೃಶ್ಯದ ‘ಅಂತೆ’ ಇವುಗಳೊಡನೆ ವರದಿಯ ‘ಅಂತೆ’ಗೆ ಇರುವ ಸಂಬಂಧವನ್ನು ಇಲ್ಲಿ ಚರ್ಚಿಸಿಲ್ಲ. ಕರ್ನಾಟಕದ ಇತರ ಉಪಭಾಷೆಗಳ ಸಾಮಗ್ರಿಯೂ ಈ ಚಿತ್ರಕ್ಕೆ ಸೇರಬೇಕಾಗಿದೆ. ಮನೆಯ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡುವವರು ಪ್ರತಿ ಅಭಿಪ್ರಾಯದೊಡನೆ ಯಾರು ಯಾರ ಜೊತೆ ನೋಡಿದರೆಂಬುದನ್ನೂ ಗುರುತಿಸಿಟ್ಟರೆ, ನಾವು ಮಂಡಿಸಿದ ಗೆರೆ ಸರಿಯೋ ತಪ್ಪೋ ಎಂಬುದನ್ನು ಪರೀಕ್ಷಿಸಲು ಸಾಧ್ಯವಾಗುತ್ತದೆ.