ಪ್ರಸ್ತಾರವೂ ಘಾತರೇಖೆಯೂ

ಬೀಜಗಣಿತದಲ್ಲಿ ಘಾತೀಯ ಉತ್ಪನ್ನದ ನಕ್ಷೆ ಎಳೆಯುವ ಪಾಠ ಬಂದಾಗ ವಿದ್ಯಾರ್ಥಿಗಳು ಎಡವುವುದು ಸಾಮಾನ್ಯವಾಗಿ ಎರಡೆಡೆಗಳಲ್ಲಿ. ಎರಡರ ಸೊನ್ನೆಯ ಘಾತ ಒಂದು ಹೇಗಾದೀತೆಂಬುದು ಮೊದಲನೆಯದು. ಗುರುತಿಸಿದ ಬಿಂದುಗಳ ನಡುವೆ ರೇಖೆ ಏಕೆ ಬಾಗಬೇಕು, ಅಳತೆಪಟ್ಟಿಯಿಟ್ಟು ನೆಟ್ಟಗೆ ಏಕೆ ಎಳೆಯಬಾರದೆಂಬುದು ಎರಡನೆಯದು. "ಅದು ನಿಯಮ" ಎಂಬ ಉತ್ತರದಿಂದ ಅಂಕಗಳು ದೊರೆತಾವು, ಅರಿವು ದೊರೆಯದು. ಗಣಿತದ ಅಧ್ಯಾಪಕ ಮಿತ್ರರು ಕನ್ನಡ ಪಂಡಿತನೊಬ್ಬನ ಈ ಗಡಿದಾಟನ್ನು ಮನ್ನಿಸುವುದಾದರೆ, ಎರಡು ಶಂಕೆಗಳಿಗೂ ಸಮಾಧಾನವು ನಮ್ಮ ಛಂದಶ್ಶಾಸ್ತ್ರದಲ್ಲಿಯೇ ಇದೆಯೆಂದು ನಿವೇದಿಸಬಯಸುತ್ತೇನೆ.

ಅಕ್ಷರವು ಲಘುವಾಗಿರಬೇಕು, ಇಲ್ಲವೆ ಗುರುವಾಗಿರಬೇಕು. ಆದುದರಿಂದ ಒಂದಕ್ಷರದ ಪಾದಕ್ಕೆ ೨ ವಿನ್ಯಾಸಗಳು, ಎರಡಕ್ಷರಕ್ಕೆ ೪, ಮೂರಕ್ಕೆ ೮. ಈ ಎಂಟೇ ನಾವು ತರಗತಿಯಲ್ಲಿ ಬಾಯಿಪಾಠ ಮಾಡಿಸುವ ಯಗಣ ಮಗಣಾದಿ ಅಕ್ಷರಗಣಗಳು. ಅಕ್ಷರವೊಂದು ಹೆಚ್ಚಿದಾಗ ಹಿಂದಿನ ಪ್ರತಿಯೊಂದು ವಿನ್ಯಾಸಕ್ಕೂ ಲಘುವನ್ನೊಮ್ಮೆ, ಗುರುವನ್ನೊಮ್ಮೆ ಸೇರಿಸಬಹುದಾದ್ದರಿಂದ ಸಂಖ್ಯೆ ಇಮ್ಮಡಿಯಾಗುತ್ತದೆ. ಹಿಂದಕ್ಕೆ ಬಂದರೆ ಹೆಜ್ಜೆಹೆಜ್ಜೆಗೂ ಅರ್ಧವಾಗಬೇಕು: ೮, ೪, ೨, ಬಳಿಕ ೧. ಅಕ್ಷರವೇ ಇಲ್ಲದ ಪಾದಕ್ಕೆ ವಿನ್ಯಾಸವೊಂದೇ, ಬರಿದಾದ ಸಾಲು. ಅಲ್ಲಿ ಸೊನ್ನೆಯನ್ನು ಬರೆದವನಿಗೆ ಹೀಗೆ ಕೇಳಬೇಕು: ಸೊನ್ನೆಯನ್ನು ಎಷ್ಟು ಸಲ ಇಮ್ಮಡಿಸಿದರೆ ಎಂಟು ಗಣಗಳು ಹುಟ್ಟಿಯಾವು?

ಸಾಲುಗಳನ್ನೆಲ್ಲ ಬರೆಯದೆ ಸಂಖ್ಯೆಯನ್ನು ಮಾತ್ರ ತಿಳಿಯುವ ಉಪಾಯವನ್ನು ಪಿಂಗಳನು ಹೇಳಿದ್ದಾನೆ. ಹತ್ತನೆಯ ಶತಮಾನದ ನಮ್ಮ ನಾಗವರ್ಮನ ಛಂದೋಂಬುಧಿಯಲ್ಲಿಯೂ ಪ್ರಸ್ತಾರಾದಿಗಳ ನಿರೂಪಣೆಯುಂಟು. ಪಿಂಗಳನ ಕ್ರಮದಂತೆ, ಅಕ್ಷರಸಂಖ್ಯೆ ಸಮವಾದರೆ ಅರ್ಧಿಸಿ ಎರಡೆಂದು ಗುರುತಿಡಬೇಕು. ಬೆಸವಾದರೆ ಒಂದನ್ನು ಕಳೆದು ಸೊನ್ನೆಯೆಂದು ಗುರುತಿಡಬೇಕು. ಅನಂತರ ಒಂದರಿಂದ ತೊಡಗಿ ಹಿಂದಿರುಗುವಾಗ ಸೊನ್ನೆಯಿದ್ದೆಡೆ ಇಮ್ಮಡಿಸಬೇಕು, ಎರಡಿದ್ದೆಡೆ ವರ್ಗಿಸಬೇಕು. ಆರಕ್ಷರದ ಗಾಯತ್ರಿಗೆ ೬, ೩, ೨, ೧, ೦ ಎಂದು ಇಳಿದು ಮರಳಿದರೆ ೧, ೨, ೪, ೮, ೬೪ ಎಂದು ದೊರೆಯುತ್ತದೆ.

ನಕ್ಷೆಯ ಮರ್ಮವಿರುವುದು ಈ ವರ್ಗಿಸುವಿಕೆಯಲ್ಲಿ. ಅರ್ಧದೂರದಲ್ಲಿರುವ ಬೆಲೆಯನ್ನು ವರ್ಗಿಸಿದರೆ ಪೂರ್ಣದೂರದ ಬೆಲೆ ಬರುತ್ತದೆಯಷ್ಟೆ? ಛಂದಸ್ಸಿನಲ್ಲಿ ಅರ್ಧಾಕ್ಷರವೆಂಬುದಿಲ್ಲ, ಅಲ್ಲಿ ಬಿಡಿಬಿಡಿ ಬಿಂದುಗಳೇ ಹೊರತು ರೇಖೆಯಿಲ್ಲ. ಬೀಜಗಣಿತವಾದರೋ ಅದೇ ಸೂತ್ರವನ್ನು ಹಿಡಿದು ಬಿಂದುಗಳ ನಡುವಿನ ಬಯಲಿಗೆ ಕಾಲಿಡುತ್ತದೆ. ಅರ್ಧದಲ್ಲಿರುವ ಬೆಲೆಯನ್ನು ವರ್ಗಿಸಿದರೆ ೨ ಬರಬೇಕು. ಎಂದರೆ ಅದು ಎರಡರ ವರ್ಗಮೂಲ, ಸುಮಾರು ೧.೪೧೪. ಅಳತೆಪಟ್ಟಿಯಿಟ್ಟು ೧ನ್ನೂ ೨ನ್ನೂ ಕೂಡಿಸಿದವನಿಗೆ ಅಲ್ಲಿ ದೊರೆಯುವುದು ೧.೫. ಎರಡೂವರೆಯಲ್ಲಿ ಪಟ್ಟಿಯು ೬ ಎನ್ನುತ್ತದೆ, ಸೂತ್ರವು ೫.೬೫೭ ಎನ್ನುತ್ತದೆ. ರೇಖೆಯು ಪಟ್ಟಿಯ ಕೆಳಗೆ ಜೋತುಬೀಳುವುದಕ್ಕೆ ಕಾರಣವಿಷ್ಟೆ. ಇಂತಹ ನಾಲ್ಕಾರು ನಡುಬಿಂದುಗಳನ್ನು ವಿದ್ಯಾರ್ಥಿಯೇ ಲೆಕ್ಕಹಾಕಿ ಗುರುತಿಸಿದನೆಂದರೆ ಬಾಗು ತಾನಾಗಿಯೇ ಮೂಡುತ್ತದೆ.

ಅಳತೆಯ ವಿಚಾರದಲ್ಲಿಯೂ ಎಚ್ಚರ ಬೇಕು. ಎರಡು ಅಕ್ಷಗಳಿಗೂ ಒಂದು ಸೆಂಟಿಮೀಟರಿಗೆ ಒಂದು ಮಾನವೆಂದು ಹಿಡಿದರೆ ಗಾಯತ್ರಿಗೇ ೬೪ ಸೆಂಟಿಮೀಟರು ಎತ್ತರ ಬೇಕು, ಕಾಗದ ಸಾಲದು. ಇಪ್ಪತ್ತು ಅಕ್ಷರಗಳ ಉತ್ಪಲಮಾಲೆಗೆ ಹತ್ತು ಕಿಲೋಮೀಟರಿಗೂ ಮಿಗಿಲು. ಇಪ್ಪತ್ತಾರು ಅಕ್ಷರಗಳ ಉತ್ಕೃತಿಗೆ ೬,೭೧,೦೮,೮೬೪ ವಿನ್ಯಾಸಗಳು. ಎಂದರೆ ಸುಮಾರು ೬೭೧ ಕಿಲೋಮೀಟರು. ಆ ಎತ್ತರವನ್ನು ನೆಲದ ಮೇಲೆ ಮಲಗಿಸಿ ಬೆಂಗಳೂರಿನಿಂದ ನೇರ ಬಡಗಣಕ್ಕೆ ಹಿಡಿದರೆ ಬೀದರನ್ನೂ ದಾಟಿಹೋಗುವುದು! ಆದಕಾರಣ ಲಂಬಾಕ್ಷಕ್ಕೆ ಕಿರಿದಾದ ಮಾನವನ್ನು ಆರಿಸಿಕೊಳ್ಳುವುದು ಉಚಿತ.

ಮೂಲಬಿಂದುವಿನ ಎಡಕ್ಕೆ ಅರ್ಧಿಸುವ ಕ್ರಮವೇ ಮುಂದುವರಿಯುತ್ತದೆ: ಅರ್ಧ, ಕಾಲು, ಅರೆಕಾಲು. ಆಧಾರಸಂಖ್ಯೆ ಎರಡರ ಬದಲು ಅರ್ಧವಾದರೆ ಇದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುತ್ತದೆ, ಅದನ್ನು ವಿಸ್ತರಿಸಬೇಕಾಗಿಲ್ಲ. ಎಡಗಡೆಯ ಹತ್ತನೆಯ ಹೆಜ್ಜೆಯಲ್ಲಿ, ಮೊದಲು ಹೇಳಿದ ಸೆಂಟಿಮೀಟರಿನ ಮಾನದಲ್ಲಿಯೇ, ರೇಖೆಯ ಎತ್ತರ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸೀಸದ ಕಡ್ಡಿಯ ಗೆರೆಯ ದಪ್ಪವೇ ಅದಕ್ಕಿಂತ ಹಿರಿದಾದ್ದರಿಂದ ಕಣ್ಣಿಗೆ ರೇಖೆಯು ಅಕ್ಷವನ್ನು ಮುಟ್ಟಿದಂತೆಯೇ ತೋರುವುದು. ಆದರೆ ಯಾವ ಸಂಖ್ಯೆಯ ಅರ್ಧವೂ, ಆ ಸಂಖ್ಯೆ ಸೊನ್ನೆಯಲ್ಲದಿರುವಾಗ, ಸೊನ್ನೆಯಾಗಲಾರದು.