ರೇಡಿಯೋವಿನ ಅಂಕಲಿಪಿ

ಹಳೆಯ ರೇಡಿಯೋವಿನ ಹಿಂಬದಿಯ ಹಲಗೆಯನ್ನು ಬಿಚ್ಚಿ ನೋಡಿದವರಿಗೆ ಬಣ್ಣಬಣ್ಣದ ಪಟ್ಟಿಗಳನ್ನು ತೊಟ್ಟ ಪುಟ್ಟ ಕಡ್ಡಿಗಳು ಕಾಣಸಿಗುತ್ತವೆ. ಈ ಪಟ್ಟಿಗಳನ್ನು ಅಂದಕ್ಕಾಗಿ ಬಳಿದುದಲ್ಲ. ಒಂದೊಂದು ಬಣ್ಣವೂ ಒಂದೊಂದು ಅಂಕಿ. ಓದಲು ಬಾರದವರು ಕೆಂಪು ಇರಬೇಕಾದ ಕಡೆ ಕಿತ್ತಳೆ ಇರುವುದನ್ನು ತಂದು ಕೂರಿಸಿದರೆ ಮೌಲ್ಯ ಒಮ್ಮೆಗೇ ಹತ್ತು ಪಟ್ಟಾಗಬಹುದು. ಆಗ ಹಾಡಬೇಕಾದ ಪೆಟ್ಟಿಗೆ ಮೂಕವಾದರೆ ಆಶ್ಚರ್ಯವಿಲ್ಲ.

ಈ ಕಡ್ಡಿಗೆ ರೆಸಿಸ್ಟರ್ ಎಂದು ಹೆಸರು. ವಿದ್ಯುತ್ತಿನ ಹರಿವನ್ನು ಬೇಕಾದಷ್ಟು ತಡೆದು ಹದದಲ್ಲಿಡುವುದು ಇದರ ಕೆಲಸ. ಆ ತಡೆಯನ್ನು ಅಳೆಯುವ ಮಾನ ಓಮ್. ಇಷ್ಟು ಚಿಕ್ಕ ದುಂಡು ಮೈಯ ಮೇಲೆ ಅಂಕಿಗಳನ್ನು ಅಚ್ಚು ಮಾಡಿದರೆ ಅವು ಅಳಿಸಿ ಹೋಗಬಹುದು, ಇಲ್ಲವೆ ಅಡಿಬದಿಗೆ ತಿರುಗಿ ಮರೆಯಾಗಬಹುದು. ಸುತ್ತುಗಟ್ಟಿದ ಪಟ್ಟಿಯಾದರೆ ಎತ್ತಲಿಂದ ನೋಡಿದರೂ ಕಾಣುವುದು.

ಮಾತಿನಿಂದ ಅಂಕಿಯನ್ನು ಸೂಚಿಸುವುದು ನಮಗೆ ಹೊಸದೇನಲ್ಲ. ನಮ್ಮ ಶಾಸನಗಳಲ್ಲಿಯೂ ಜ್ಯೋತಿಷ ಗ್ರಂಥಗಳಲ್ಲಿಯೂ ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ವೇದವೆಂದರೆ ನಾಲ್ಕು, ಆಕಾಶವೆಂದರೆ ಸೊನ್ನೆ. ಅಲ್ಲಿ ಪದಗಳು ಮಾಡಿದ ಕೆಲಸವನ್ನು ಇಲ್ಲಿ ಬಣ್ಣಗಳು ಮಾಡುತ್ತವೆ. ಅಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಕೂಡಿಸಿಕೊಳ್ಳಬೇಕು. ಇಲ್ಲಿ ಎಡದಿಂದ ಬಲಕ್ಕೆ ಓದಬೇಕು.

ಸೊನ್ನೆಯಿಂದ ಒಂಬತ್ತರವರೆಗೆ ಬಣ್ಣಗಳ ಕ್ರಮ ಹೀಗಿದೆ: ಕಪ್ಪು ೦, ಕಂದು ೧, ಕೆಂಪು ೨, ಕಿತ್ತಳೆ ೩, ಹಳದಿ ೪, ಹಸಿರು ೫, ನೀಲಿ ೬, ನೇರಳೆ ೭, ಬೂದು ೮, ಬಿಳಿ ೯. ಇದನ್ನು ನೆನಪಿಡಲು ಕನ್ನಡಿಗರಿಗೆ ಒಂದು ಸೌಕರ್ಯವುಂಟು. ಹೆಸರುಗಳ ಮೊದಲಕ್ಷರವನ್ನು ಗಮನಿಸಿ: ಮೊದಲ ನಾಲ್ಕು ಕಕಾರ, ಆಮೇಲೆ ಎರಡು ಹಕಾರ, ಎರಡು ನಕಾರ, ಎರಡು ಬಕಾರ. ‘ಕ ನಾಲ್ಕು, ಹ, ನ, ಬ ಎರಡೆರಡು’ ಎಂದು ಮನೆಯ ಮಕ್ಕಳಿಗೆ ಹೇಳಿಕೊಡಿ, ಎರಡು ದಿನದಲ್ಲಿ ಬಾಯಿಗೆ ಬರುವುದು.

ಇನ್ನು ಓದುವ ಬಗೆ. ನಾಲ್ಕು ಪಟ್ಟಿಯ ಕಡ್ಡಿಯಲ್ಲಿ ಚಿನ್ನದ ಅಥವಾ ಬೆಳ್ಳಿಯ ಬಣ್ಣದ ಪಟ್ಟಿ ಬಲಗಡೆಗೆ ಬರುವಂತೆ ಹಿಡಿಯಿರಿ. ಮೊದಲೆರಡು ಪಟ್ಟಿ ಎರಡು ಅಂಕಿಗಳು. ಮೂರನೆಯದು ಅವುಗಳ ಮುಂದೆ ಇಡಬೇಕಾದ ಸೊನ್ನೆಗಳ ಎಣಿಕೆ. ಹಳದಿ, ನೇರಳೆ, ಕೆಂಪು ಎಂದರೆ ನಾಲ್ಕು, ಏಳು, ಎರಡು ಸೊನ್ನೆ: ೪೭೦೦ ಓಮ್. ಮೂರನೆಯದು ಕಿತ್ತಳೆಯಾದರೆ ಅದೇ ೪೭,೦೦೦ ಆಯಿತು. ಆದುದರಿಂದ ಮೂರನೆಯ ಪಟ್ಟಿಯನ್ನು ಎರಡು ಸಲ ನೋಡತಕ್ಕದ್ದು.

ಕೊನೆಯ ಪಟ್ಟಿ ಹೇಳುವುದು, ಬರೆದ ಮೌಲ್ಯಕ್ಕೂ ನಿಜವಾದ ಮೌಲ್ಯಕ್ಕೂ ಎಷ್ಟು ಅಂತರವಿರಬಹುದೆಂಬುದನ್ನು. ಚಿನ್ನಕ್ಕೆ ನೂರಕ್ಕೆ ಐದು, ಬೆಳ್ಳಿಗೆ ಹತ್ತು. ಆ ಪಟ್ಟಿಯೇ ಇಲ್ಲದಿದ್ದರೆ ಇಪ್ಪತ್ತು. ಚಿನ್ನದ ಪಟ್ಟಿಯಿರುವ ೪೭೦೦ ಓಮಿನ ಕಡ್ಡಿ ೪೪೬೫ರಿಂದ ೪೯೩೫ರ ಒಳಗೆ ಎಲ್ಲಿದ್ದರೂ ಸರಿಯಾದುದೇ. ಅಂಗಡಿಯಲ್ಲಿ ೫೦೦೦ ಓಮ್ ಕೇಳಿದರೆ ೪೭೦೦ ಕೊಡುವುದಕ್ಕೂ ಇದೇ ಕಾರಣ. ೧೦, ೧೨, ೧೫, ೧೮, ೨೨, ೨೭, ೩೩, ೩೯, ೪೭, ೫೬, ೬೮, ೮೨ ಎಂಬ ಹನ್ನೆರಡು ಮೆಟ್ಟಿಲುಗಳನ್ನು ಗೊತ್ತುಮಾಡಿದ್ದಾರೆ. ನೂರಕ್ಕೆ ಹತ್ತರ ಅಂತರವನ್ನು ಒಪ್ಪಿದರೆ ೪೭ರ ಹರವು ೫೧.೭ರವರೆಗೆ ಬರುವುದರಿಂದ ೫೦ಕ್ಕೆ ಬೇರೆ ಮೆಟ್ಟಿಲು ಬೇಡವಾಯಿತು.

ಐದು ಪಟ್ಟಿಯ ಕಡ್ಡಿಯಲ್ಲಿ ಅಂಕಿಗಳು ಮೂರು. ನಾಲ್ಕನೆಯದು ಸೊನ್ನೆಗಳ ಎಣಿಕೆ, ಐದನೆಯದು ಅಂತರ. ಹಳದಿ, ನೇರಳೆ, ಕಪ್ಪು, ಕಂದು, ಕಂದು ಎಂದರೂ ೪೭೦೦ ಓಮೇ. ಆದರೆ ಅಂತರ ನೂರಕ್ಕೆ ಒಂದು ಮಾತ್ರ. ಈಚಿನ ಯಂತ್ರಗಳಲ್ಲಿ ಕಡ್ಡಿಯ ಬದಲು ಚಪ್ಪಟೆಯಾದ ಕರಿಯ ಚೂರುಗಳಿರುತ್ತವೆ. ಅವುಗಳ ಮೇಲೆ ೪೭೨ ಎಂದಿದ್ದರೆ ನಾನೂರ ಎಪ್ಪತ್ತೆರಡು ಎಂದು ತಿಳಿಯಬಾರದು. ೪೭ರ ಮುಂದೆ ಎರಡು ಸೊನ್ನೆ.

ವಿದ್ಯುತ್ತನ್ನು ತೊಟ್ಟಿಯಂತೆ ತುಂಬಿಟ್ಟುಕೊಳ್ಳುವ ಕೆಪ್ಯಾಸಿಟರಿಗೂ ಈ ಸೂತ್ರವೇ. ಬಿಲ್ಲೆಯಂತಹ ಕೆಪ್ಯಾಸಿಟರಿನ ಮೇಲೆ ೧೦೪ ಎಂದಿದ್ದರೆ ೧೦ರ ಮುಂದೆ ನಾಲ್ಕು ಸೊನ್ನೆ, ಅಂದರೆ ಒಂದು ಲಕ್ಷ ಪಿಕೋಫ್ಯಾರಡ್. ಹತ್ತು ಲಕ್ಷ ಪಿಕೋಫ್ಯಾರಡ್ ಸೇರಿದರೆ ಒಂದು ಮೈಕ್ರೋಫ್ಯಾರಡ್. ಆದುದರಿಂದ ಇದು ೦.೧ ಮೈಕ್ರೋಫ್ಯಾರಡ್ ಆಯಿತು. ಇಲ್ಲಿ ಒಂದು ತೊಡಕುಂಟು. ರೆಸಿಸ್ಟರಿನಲ್ಲಿ ೪ ಮತ್ತು ೭ರ ನಡುವೆ ರೋಮನ್ ಲಿಪಿಯ ಕೆ ಅಕ್ಷರವಿದ್ದರೆ ಅದು ಸಾವಿರದ ಗುರುತು, ಅಂದರೆ ೪.೭ ಸಾವಿರ ಓಮ್. ಕೆಪ್ಯಾಸಿಟರಿನಲ್ಲಿ ೧೦೪ರ ಕೊನೆಗೆ ಅದೇ ಅಕ್ಷರ ಬಂದರೆ ನೂರಕ್ಕೆ ಹತ್ತರ ಅಂತರವೆಂದರ್ಥ.

ಡಬ್ಬಿಯಾಕಾರದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನಲ್ಲಿ ಮೌಲ್ಯವನ್ನೂ ವೋಲ್ಟನ್ನೂ ನೇರವಾಗಿ ಅಚ್ಚು ಮಾಡಿರುತ್ತಾರೆ. ಮೈಯುದ್ದಕ್ಕೂ ಎಳೆದ ಪಟ್ಟಿ ಋಣ ತುದಿಯ ಗುರುತು. ಹೆಚ್ಚು ವೋಲ್ಟಿನದನ್ನು ಹಾಕಬಹುದು, ಕಡಮೆಯದನ್ನು ಹಾಕಕೂಡದು. ತುದಿಗಳನ್ನು ಅದಲುಬದಲು ಮಾಡಿದರೆ ಅದು ಕಾದು ಸಿಡಿಯಬಹುದು.

ಓದಲು ಕಲಿತ ಮಾತ್ರಕ್ಕೆ ಒಳಗೆ ಕೈಯಿಡಬೇಡಿ. ವಾಲ್ವಿನ ರೇಡಿಯೋವಿನ ದೊಡ್ಡ ಕೆಪ್ಯಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೂ ಅಪಾಯಕರವಾದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಅದು ಬಲ್ಲವರ ಕೆಲಸ. ಬಹುಕಾಲ ಕಾವು ತಿಂದ ಕಡ್ಡಿಯಲ್ಲಿ ಬಣ್ಣ ಕರಿಗಟ್ಟಿ ಕೆಂಪು ಕಂದಿನಂತೆ ತೋರುವುದೂ ಉಂಟು. ಆಗ ಕಣ್ಣನ್ನು ನಂಬದೆ, ಕಡ್ಡಿಯ ಒಂದು ಕಾಲನ್ನು ಬೆಸುಗೆಯಿಂದ ಬಿಡಿಸಿ ಮೀಟರಿನಿಂದ ಅಳೆಯಬೇಕು.

ಮೊದಲ ಅಭ್ಯಾಸಕ್ಕೆ ಅಂಗಡಿಯಿಂದ ತಂದ ನಾಲ್ಕಾರು ಬಿಡಿ ಕಡ್ಡಿಗಳೇ ಸಾಕು. ಈಗಲೇ ಒಂದನ್ನು ಓದಿ ನೋಡಿ: ಕಂದು, ಕಪ್ಪು, ಹಳದಿ, ಬೆಳ್ಳಿ. ಒಂದು ಲಕ್ಷ ಓಮ್, ತೊಂಬತ್ತು ಸಾವಿರದಿಂದ ಒಂದು ಲಕ್ಷ ಹತ್ತು ಸಾವಿರದ ಒಳಗೆ ಎಂದು ಉತ್ತರ ಬಂದಿದ್ದರೆ ಅಂಕಲಿಪಿಯ ಮೊದಲ ಪುಟ ನಿಮಗೆ ಒಲಿಯಿತು.